ಪರದೆ ಸರಳು ಮಾಡುವವನ ಪಿಸ್ತೂಲು

ಪ್ರಾಜೆಕ್ಟಿನಲ್ಲಿ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್ ಬರೆಯೋ ಕೆಲಸ ತಲೆಗೆ ಬಿದ್ದಾಗಲೆಲ್ಲ ನನಗೆ ಒಂದು ಪಿಸ್ತೂಲು ನೆನಪಾಗುತ್ತದೆ. ಹೆದರಬೇಡಿ, ಮ್ಯಾನೇಜರ್ ಮೇಲಿನ ಸಿಟ್ಟಿಗಲ್ಲ :) ದೀಪಾವಳಿಯ ಆಟಿಕೆ ಪಿಸ್ತೂಲು ಬಿಟ್ಟು ಬೇರೆ ಮುಟ್ಟಿದವನಲ್ಲ ನಾನು. ನೆನಪಾಗುವುದು ಒಂದು ಸರ್ಕಾರ ಬರೆದ ಷರತ್ತುಗಳ ಪಟ್ಟಿ.

1980ನೇ ಇಸವಿ. ಆಸ್ಟ್ರಿಯಾ ಸೈನ್ಯಕ್ಕೆ ಎರಡನೇ ಮಹಾಯುದ್ಧದ ಕಾಲದ ವಾಲ್ಟರ್ ಪಿ-38 ಬದಲು ಹೊಸ ಪಿಸ್ತೂಲು ಬೇಕಿತ್ತು. ರಕ್ಷಣಾ ಇಲಾಖೆ 17 ಷರತ್ತು ಹಾಕಿತು. ಮೊದಲ 10,000 ಗುಂಡು ಹಾರಿಸುವಾಗ 20ಕ್ಕಿಂತ ಹೆಚ್ಚು ಸಲ ಕೈಕೊಡಬಾರದು. ಎರಡು ಮೀಟರ್ ಎತ್ತರದಿಂದ ಉಕ್ಕಿನ ಹಲಗೆ ಮೇಲೆ ಬಿದ್ದರೂ ತಾನಾಗಿ ಸಿಡಿಯಬಾರದು. ಬಿಡಿಭಾಗ 58 ಮೀರಬಾರದು. ಒಂದರ ಭಾಗ ಇನ್ನೊಂದಕ್ಕೆ ಹಾಗೇ ಹೊಂದಬೇಕು.

ಕಣದಲ್ಲಿ ಸ್ಟೈಯರ್, ಬೆರೆಟಾ, ಸಿಗ್‌ನಂಥ ಘಟಾನುಘಟಿಗಳಿದ್ದರು. ಜೊತೆಗೆ ಗ್ಯಾಸ್ಟನ್ ಗ್ಲಾಕ್ ಅನ್ನೋ ಐವತ್ತು ದಾಟಿದ ಒಬ್ಬ ಮನುಷ್ಯ. ಕಿಟಕಿ ಪರದೆಯ ಸರಳು ಮಾಡುತ್ತಿದ್ದವನು, ಸೈನ್ಯಕ್ಕೆ ಚಾಕು ಕೊಟ್ಟವನು. ಪಿಸ್ತೂಲು ಮಾಡಿದ ಅನುಭವ ಸೊನ್ನೆ! ಬೇರೆಯವರ ಪಿಸ್ತೂಲು ತಂದು ಬಿಚ್ಚಿ ನೋಡಿದ, ಬಳಸುವವರನ್ನು ಕೂರಿಸಿಕೊಂಡು ಕೇಳಿದ. ಮೊದಲ ಮಾದರಿಗಳನ್ನು ಎಡಗೈಯಲ್ಲೇ ಹಾರಿಸುತ್ತಿದ್ದನಂತೆ. ಸಿಡಿದು ಹೋದರೆ ನಕ್ಷೆ ಬರೆಯಲು ಬಲಗೈ ಉಳಿಯಲಿ ಅಂತ.

ಅವನು ಪಿಸ್ತೂಲಿನ ಚೌಕಟ್ಟನ್ನು ಉಕ್ಕಿನಲ್ಲಿ ಕಡೆಯುವ ಬದಲು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹಾಕಿದ. ಹೊರಗಿನ ಸೇಫ್ಟಿ ಕೀಲಿ ತೆಗೆದು ಆ ಕೆಲಸವನ್ನು ಕುದುರೆಗೇ ಜೋಡಿಸಿದ. ಬಿಡಿಭಾಗ ಮೂವತ್ತನಾಲ್ಕಕ್ಕೆ ಇಳಿಯಿತು. ಭಾಗ ಕಡಿಮೆ, ಕೆಡುವುದು ಕಡಿಮೆ, ಖರ್ಚೂ ಕಡಿಮೆ. 1982ರಲ್ಲಿ ಸೈನ್ಯ ಅದನ್ನೇ ಆರಿಸಿ 25,000 ಪಿಸ್ತೂಲಿಗೆ ಒಪ್ಪಂದ ಮಾಡಿಕೊಂಡಿತು. ಅದೇ ಗ್ಲಾಕ್ 17. ಹೆಸರು ಬಂದದ್ದು ಅವನ ಹದಿನೇಳನೇ ಪೇಟೆಂಟ್‌ನಿಂದ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಮುಂದೆ ಅಮೆರಿಕದ ಪೊಲೀಸರೂ ಇದನ್ನು ಮೆಚ್ಚಿದರು, ಅಂಗಡಿಗಳಿಗೂ ಬಂತು. 2007ರ ಏಪ್ರಿಲ್ 16ರಂದು ವರ್ಜೀನಿಯಾ ಟೆಕ್‌ನಲ್ಲಿ ಒಬ್ಬ ವಿದ್ಯಾರ್ಥಿ 32 ಜನರನ್ನು ಕೊಂದ. ಅವನ ಕೈಯಲ್ಲಿದ್ದ ಎರಡರಲ್ಲಿ ಒಂದು ಗ್ಲಾಕ್ 19, ಹದಿನೇಳರ ತಮ್ಮ. ಬೆಲೆ 600 ಡಾಲರ್ ಒಳಗೆ. ಸತ್ತವರಲ್ಲಿ ಪಾಠ ಮಾಡುತ್ತಿದ್ದ ಇಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರೂ ಇದ್ದರು, ನಮ್ಮ ಪಕ್ಕದ ತಮಿಳುನಾಡಿನವರು.

ಇವನು ತನಗೇ ಅಪಾಯಕಾರಿ ಎಂದು 2005ರಲ್ಲೇ ನ್ಯಾಯಾಧಿಕಾರಿಯೊಬ್ಬರು ಚಿಕಿತ್ಸೆಗೆ ಆದೇಶ ಕೊಟ್ಟಿದ್ದರು. ಕೇಂದ್ರದ ಕಾನೂನಿನ ಪ್ರಕಾರ ಅವನಿಗೆ ಪಿಸ್ತೂಲು ಮಾರುವಂತೆಯೇ ಇರಲಿಲ್ಲ. ಆದರೆ ರಾಜ್ಯದಿಂದ ಆ ಮಾಹಿತಿ ಕೇಂದ್ರದ ಡೇಟಾಬೇಸ್‌ಗೆ ಹೋಗಿರಲಿಲ್ಲ. ಅಂಗಡಿಯವರು ಪರಿಶೀಲಿಸಿದಾಗ ಸಿಸ್ಟಮ್ 'ಸರಿ' ಅಂದಿತು. ಇಂಥ ದಾಖಲೆ ಕಳಿಸುವುದನ್ನು ಸರಿಪಡಿಸಲು ಕಾಯ್ದೆ ಬಂದದ್ದು 2008ರ ಜನವರಿಯಲ್ಲಿ.

ಪಿಸ್ತೂಲಿಗೆ 10,000 ಸಲ ಪರೀಕ್ಷೆ. ಅದನ್ನು ಯಾರ ಕೈಗೆ ಕೊಡಬೇಕೆಂದು ಹೇಳುವ ಡೇಟಾಬೇಸ್‌ಗೆ? ಮೊದಲನೆಯದು ಗ್ಲಾಕ್‌ನಂಥವರ ಕೆಲಸ. ಎರಡನೆಯದು ನನ್ನಂಥವರದ್ದು. 'ಆ ಒಂದು ಫೀಲ್ಡ್ ಆಮೇಲೆ ಸೇರಿಸೋಣ ಬಿಡಿ' ಅಂತ ನಾನೂ ಎಷ್ಟು ಸಲ ಹೇಳಿದ್ದೇನೋ...

ನಿಮಗೂ ಹೀಗನ್ನಿಸಿದ್ದಿದೆಯಾ?