ಎಮ್ಮೆಯ ಬೆನ್ನೇರಿ ಬಂದ ಕಂಠ

ವಿನೋದದ ಹಾಡೆಂದರೆ ನಮ್ಮ ವಿದ್ವದ್ವರ್ಗಕ್ಕೆ ಸ್ವಲ್ಪ ಅಸಡ್ಡೆ. ಆ ಅಸಡ್ಡೆಯನ್ನು ನಾನೂ ಬಹುಕಾಲ ಸಾಕಿಕೊಂಡು ಬಂದವನೇ. ಆದರೆ ಅಂಥದೊಂದು ಹಾಡು ಕನ್ನಡ ಚಿತ್ರಗೀತೆಯ ಚರಿತ್ರೆಯನ್ನೇ ಹೊರಳಿಸಿತೆಂಬುದನ್ನು ನೆನೆದಾಗ ಮನಸ್ಸು ಮೆತ್ತಗಾಗುತ್ತದೆ. 1974ರಲ್ಲಿ ತೆರೆಕಂಡ ‘ಸಂಪತ್ತಿಗೆ ಸವಾಲ್’ ಚಿತ್ರದಲ್ಲಿ ರಾಜಕುಮಾರ್ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡು ಅದು.

ಚಿತ್ರಕ್ಕೆ ಆಧಾರ ಪಿ. ಬಿ. ಧುತ್ತರಗಿಯವರ ನಾಟಕ. ಗೀತೆ ಚಿ. ಉದಯಶಂಕರ್ ಅವರದು, ಸಂಗೀತ ಜಿ. ಕೆ. ವೆಂಕಟೇಶ್ ಅವರದು. ಲೋಕದ ಗದ್ದಲವನ್ನು ಲೆಕ್ಕಿಸದ ಎಮ್ಮೆಯ ನಿಶ್ಚಿಂತೆಯನ್ನು ಅಲ್ಲಿ ಕೊಂಡಾಡಲಾಗಿದೆ. ಮಂದಬುದ್ಧಿಗೆ ಉಪಮಾನವೆಂದು ನಾವು ಬಳಸುವ ಪ್ರಾಣಿಯೇ ಇಲ್ಲಿ ಸಮಚಿತ್ತದ ಗುರು! ಆಲಂಕಾರಿಕರು ಹೇಳುವ ವ್ಯಾಜಸ್ತುತಿಯ ಛಾಯೆ ಇದರಲ್ಲಿಲ್ಲವೆ?

ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಪಳಗಿದ ರಾಜಕುಮಾರರಿಗೆ ಗಾಯನ ಹೊಸದಲ್ಲ. ಕಂಪನಿ ನಾಟಕದಲ್ಲಿ ನಟನೆಂದರೆ ಗಾಯಕನೇ. ಸಿನಿಮಾ ಆ ಜೋಡಿಯನ್ನು ಬೇರ್ಪಡಿಸಿತು. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವರಿಗೆ ಕಂಠವಿತ್ತವರು ಸಿ. ಎಸ್. ಜಯರಾಮನ್. ಮುಂದೆ ಪಿ. ಬಿ. ಶ್ರೀನಿವಾಸರ ಮೃದುಕಂಠವೇ ಅವರ ದನಿಯೆಂದು ನಾಡು ಒಪ್ಪಿಕೊಂಡಿತು. 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ಅವರೇ ಹಾಡಿದ್ದರೂ ಅದು ವಾಡಿಕೆಯಾಗಿ ಮುಂದುವರಿಯಲಿಲ್ಲ. ಹದಿನೈದು ವರ್ಷಗಳ ಅನಂತರ ಆ ಕಂಠ ಜನರ ಮನಸ್ಸಿನಲ್ಲಿ ನೆಲೆಗೊಂಡದ್ದು ಭಕ್ತಿಗೀತೆಯಿಂದಲ್ಲ, ಈ ಎಮ್ಮೆಯ ಹಾಡಿನಿಂದ.

ಕಾರಣ ಊಹಿಸಬಹುದು. ಗಂಭೀರ ಗೀತೆಯಲ್ಲಿ ಕೇಳುಗನು ಶ್ರುತಿಶುದ್ಧಿಯನ್ನು ಅಳೆಯುತ್ತಾನೆ, ಹಿಂದಿನ ಗಾಯಕನೊಡನೆ ಹೋಲಿಸುತ್ತಾನೆ. ವಿನೋದದಲ್ಲಿ ಅವನಿಗೆ ಬೇಕಾದುದು ಪಾತ್ರದ ಉಸಿರು, ತುಂಟತನ, ಮಾತಿನ ಕೊಂಕು. ಅವನ್ನು ರಂಗಭೂಮಿಯ ನಟನಿಗಿಂತ ಚೆನ್ನಾಗಿ ಕೊಡಬಲ್ಲವರಾರು? ಅಲ್ಲಿಂದ ಮುಂದೆ ಅವರ ಹಾಡುಗಳನ್ನು ಅವರೇ ಹಾಡುವುದು ವಾಡಿಕೆಯಾಯಿತು. 1992ರ ‘ಜೀವನ ಚೈತ್ರ’ದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂದಿತು.

ಆದರೆ ಈ ಲಾಭದೊಳಗೆ ಒಂದು ನಷ್ಟವೂ ಅಡಗಿದೆ. ಅದೇ 1974ರಲ್ಲಿ ‘ಭಕ್ತ ಕುಂಬಾರ’ ಮತ್ತು ‘ಎರಡು ಕನಸು’ ಚಿತ್ರಗಳಲ್ಲಿ ರಾಜಕುಮಾರರಿಗಾಗಿ ಹಾಡಿದವರು ಶ್ರೀನಿವಾಸರೇ. ಒಬ್ಬ ನಟ ತನ್ನ ದನಿಯನ್ನು ಮರಳಿ ಪಡೆದಾಗ, ಆ ಮುಖಕ್ಕೆ ಅಷ್ಟುಕಾಲ ಜೀವ ತುಂಬಿದ ಇನ್ನೊಂದು ದನಿ ಮೆಲ್ಲನೆ ಹಿಂದೆ ಸರಿಯಿತು. 2006ರಲ್ಲಿ ಒಬ್ಬರು, 2013ರಲ್ಲಿ ಇನ್ನೊಬ್ಬರು ನಮ್ಮನ್ನಗಲಿದರು. ಎಮ್ಮೆಯ ಹಾಡು ಕೇಳಿ ಇಂದಿಗೂ ನಗುತ್ತೇನೆ. ನಗು ಮುಗಿದ ಮೇಲೆ, ಆ ಹಾಡಿನಲ್ಲಿಲ್ಲದ ಕಂಠವೂ ಒಂದಿಷ್ಟು ಹೊತ್ತು ಕಿವಿಯಲ್ಲಿ ನಿಲ್ಲುತ್ತದೆ.