ಆ ವರ್ಷದ ಚಿತ್ರ ಯಾವುದು?

ಅರವತ್ತೈದು ದಾಟಿದ ನಾಲ್ವರು ಚಿತ್ರರಸಿಕರು ಹೋಟೆಲಿನ ಒಂದೇ ಮೇಜಿಗೆ ಸೇರಿದಾಗ ‘1972ರ ಅತ್ಯುತ್ತಮ ಕನ್ನಡ ಚಿತ್ರ ಯಾವುದು?’ ಎಂದು ಕೇಳಿ ನೋಡಬೇಕು. ಕಾಫಿ ಆರಿ ತಣ್ಣಗಾಗುವುದು ಖಂಡಿತ. ಒಬ್ಬರು ‘ಬಂಗಾರದ ಮನುಷ್ಯ’ ಎನ್ನುತ್ತಾರೆ, ಅದಕ್ಕೆ ಎರಡನೆಯ ಮಾತೇ ಇಲ್ಲವೆಂಬ ಧಾಟಿಯಲ್ಲಿ. ‘ಹಾಗಾದರೆ ನಾಗರಹಾವನ್ನು ಎಲ್ಲಿಡುತ್ತೀರಿ ಸ್ವಾಮಿ?’ ಎಂಬುದು ಇನ್ನೊಬ್ಬರ ಸವಾಲು. ‘ನಾಗರಹಾವು ಎಪ್ಪತ್ತಮೂರರ ಚಿತ್ರವಲ್ಲವೇ?’ ಎಂದು ಮೂರನೆಯವರು ತಕರಾರು ತೆಗೆಯುತ್ತಾರೆ. ನಾಲ್ಕನೆಯವರ ಮೆಚ್ಚಿನದು ‘ಶರಪಂಜರ’. ಅದು 1971ರದ್ದೆಂದು ಉಳಿದ ಮೂವರೂ ಒಟ್ಟಾಗಿ ಹೇಳಿದರೂ ಅವರು ಜಗ್ಗುವುದಿಲ್ಲ. ‘ನಮ್ಮೂರಿನ ಟೆಂಟಿಗೆ ಬಂದದ್ದು ಎಪ್ಪತ್ತೆರಡರಲ್ಲೇ’ ಎಂಬುದು ಅವರ ವಾದ.

ವರ್ಷಕ್ಕೊಂದು ಚಿತ್ರ ಆರಿಸಿ, ಇನ್ನೊಬ್ಬರ ಆಯ್ಕೆಯ ಪಕ್ಕದಲ್ಲಿಟ್ಟು ತೂಗಿ ನೋಡುವ ಈ ಚಾಳಿ ಸಿನಿಮಾ ಇರುವ ಕಡೆಯೆಲ್ಲ ಇದೆ. ‘ಗಾನ್ ವಿತ್ ದ ವಿಂಡ್’, ‘ಸ್ಟೇಜ್‌ಕೋಚ್’, ‘ದ ವಿಝರ್ಡ್ ಆಫ್ ಆಝ್’ ಮೂರೂ ಒಂದೇ ವರ್ಷ ತೆರೆ ಕಂಡವೆಂಬ ಕಾರಣಕ್ಕೆ ಅಮೆರಿಕದ ರಸಿಕರು 1939ರ ಬಗ್ಗೆ ಇವತ್ತಿಗೂ ವಾದಿಸುತ್ತಾರೆ. ಮುಂಬಯಿಯ ‘ಫಿಲ್ಮ್‌ಫೇರ್’ ಪತ್ರಿಕೆ 1954ರಲ್ಲಿ ತನ್ನ ಮೊದಲ ಪ್ರಶಸ್ತಿಗಳನ್ನು ಕೊಟ್ಟದ್ದು ಓದುಗರ ಮತಗಳ ಆಧಾರದ ಮೇಲೆಯೇ. ಕನ್ನಡದಲ್ಲಿ ಈ ವಾದ ‘ವಿಜಯಚಿತ್ರ’, ‘ರೂಪತಾರಾ’ಗಳಂಥ ಪತ್ರಿಕೆಗಳ ಪುಟಗಳಲ್ಲೂ ಹಾಸ್ಟೆಲು, ಕಟ್ಟೆ, ಕ್ಷೌರದಂಗಡಿಗಳಲ್ಲೂ ಬೆಳೆಯಿತು. ಹೊತ್ತು ಕಳೆಯುವ ಮಾತಿನಂತೆ ಕಂಡರೂ ಇದರೊಳಗೆ ಒಂದು ಚರಿತ್ರೆ ಅಡಗಿದೆ. ಕನ್ನಡ ಚಿತ್ರ ಹೇಗೆ ಊರೂರು ತಲುಪಿತು, ಯಾವುದು ಉಳಿಯಿತು, ಯಾವುದು ಕಳೆದುಹೋಯಿತು ಎಂಬುದೆಲ್ಲ ಈ ಜಗಳದಲ್ಲೇ ಸಿಗುತ್ತದೆ.

ಸ್ಟೇಟ್ಸ್‌ನಲ್ಲಿ ಇಳಿಯದ ಚಿತ್ರ

ಮೊದಲು 1972ನ್ನೇ ತೆಗೆದುಕೊಳ್ಳೋಣ. ಟಿ.ಕೆ. ರಾಮರಾವ್ ಅವರ ಕಾದಂಬರಿ ಆಧರಿಸಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ‘ಬಂಗಾರದ ಮನುಷ್ಯ’ ತೆರೆಗೆ ಬಂದದ್ದು ಆ ವರ್ಷದ ಮಾರ್ಚ್ ಕೊನೆಯಲ್ಲಿ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಸುಮಾರು ಎರಡು ವರ್ಷ ಓಡಿತು. ರಾಜಕುಮಾರ್ ಅವರ ರಾಜೀವಪ್ಪನನ್ನು ನೋಡಿ, ಓದಿದ ಹುಡುಗರು ಪೇಟೆ ಬಿಟ್ಟು ಬೇಸಾಯಕ್ಕೆ ಮರಳಿದರೆಂಬ ಮಾತು ಇವತ್ತಿಗೂ ಹಳ್ಳಿಗಳಲ್ಲಿ ಕೇಳಿಬರುತ್ತದೆ. ಅಂದರೆ ರಸಿಕರು 1973ರ ಚಿತ್ರ ಯಾವುದೆಂದು ಚರ್ಚಿಸುತ್ತಿದ್ದಾಗಲೂ ಸ್ಟೇಟ್ಸ್‌ನ ಮುಂದೆ 1972ರ ಚಿತ್ರದ ಕಟೌಟು ನಿಂತೇ ಇತ್ತು.

‘ನಾಗರಹಾವು’ ಬಂದದ್ದು ಅದೇ ವರ್ಷದ ಡಿಸೆಂಬರ್ ಕೊನೆಗೆ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು ಕಟ್ಟಿದ ಕಥೆ ಅದು. ಚಿತ್ರದುರ್ಗದ ಕೋಟೆ, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್, ರಾಮಾಚಾರಿಯಾಗಿ ವಿಷ್ಣುವರ್ಧನ್, ಜಲೀಲನಾಗಿ ಅಂಬರೀಶ್ ಎಲ್ಲ ಒಟ್ಟಿಗೆ ಜನರ ಮನಸ್ಸಿಗೆ ಇಳಿದವು. ಚಿತ್ರದ ಹುಟ್ಟು 1972ರ ಲೆಕ್ಕಕ್ಕೆ ಸೇರಿದರೂ ಅದರ ಶತದಿನ, ಅದರ ಹಾಡಿನ ಗುಂಗು, ರಾಮಾಚಾರಿಯಂತೆ ನಡೆಯುವ ಹುಡುಗರ ಹಾವಳಿ ಎಲ್ಲ 1973ರದ್ದು. ಮೂರನೆಯ ರಸಿಕರ ನೆನಪು ತಪ್ಪಿರಲಿಲ್ಲ. ಅವರು ಎಣಿಸಿದ್ದು ಬೇರೆ ಪಂಚಾಂಗದಲ್ಲಿ, ಅಷ್ಟೆ.

ಮೂವತ್ತನಾಲ್ಕು ವರ್ಷಗಳ ನಂತರ ಇದೇ ಕಥೆ ಮರುಕಳಿಸಿತು. ಯೋಗರಾಜ್ ಭಟ್ಟರ ‘ಮುಂಗಾರು ಮಳೆ’ ತೆರೆ ಕಂಡದ್ದು 2006ರ ಡಿಸೆಂಬರ್ 29ರಂದು. ಜನ ಅದನ್ನು ನೋಡಿದ್ದು, ಮತ್ತೆ ಮತ್ತೆ ನೋಡಿದ್ದು 2007ರ ಉದ್ದಕ್ಕೂ. ಆದರೂ 2006ರ ಸಾಲಿನಲ್ಲಿ ಮೂರೇ ದಿನ ಬದುಕಿದ ಆ ಚಿತ್ರ, ವರ್ಷವಿಡೀ ದುಡಿದ ಉಳಿದ ಚಿತ್ರಗಳನ್ನೆಲ್ಲ ಹಿಂದೆ ಹಾಕಿ ಕೂತಿದೆ.

ಪಂಚಾಂಗಗಳು ಹಲವು

ಹಾಗಾದರೆ ಒಂದು ಚಿತ್ರ ಯಾವ ವರ್ಷದ್ದೆಂದು ತೀರ್ಮಾನಿಸುವವರು ಯಾರು? ಸಾಮಾನ್ಯ ಪ್ರೇಕ್ಷಕನಿಗೆ ಬಿಡುಗಡೆಯ ದಿನವೇ ಹುಟ್ಟಿದ ದಿನ. 1954ರಲ್ಲಿ ಆರಂಭವಾದ ರಾಷ್ಟ್ರಪ್ರಶಸ್ತಿಗಳಿಗೆ ಮುಖ್ಯವಾಗುವುದು ಸೆನ್ಸಾರ್ ಪತ್ರದ ಮೇಲಿನ ದಿನಾಂಕ. ಜನವರಿ ಒಂದರಿಂದ ಡಿಸೆಂಬರ್ 31ರೊಳಗೆ ಪತ್ರ ಸಿಕ್ಕಿದ್ದರೆ ಚಿತ್ರ ಆ ವರ್ಷದ್ದು, ಚಿತ್ರಮಂದಿರಕ್ಕೆ ಬರಲಿ ಬಿಡಲಿ. ಮಂಡ್ಯ ಜಿಲ್ಲೆಯ ಹಳ್ಳಿಗರೇ ನಟಿಸಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದು, ಆ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಮಂಡ್ಯದ ಜನ ಟಿಕೆಟು ಕೊಂಡು ನೋಡಿದ್ದು ಮಾತ್ರ 2016ರ ಮೇ ತಿಂಗಳಿನಲ್ಲಿ.

ರಾಜ್ಯ ಸರ್ಕಾರದ ಲೆಕ್ಕ ಇನ್ನೊಂದು. ಕರ್ನಾಟಕ ರಾಜ್ಯ ಚಲನಚಿತ್ರ ಪ್ರಶಸ್ತಿಗಳು ಆರಂಭವಾದದ್ದು 1966-67ರ ಸಾಲಿನಿಂದ. ಆ ಸಾಲಿನ ಅತ್ಯುತ್ತಮ ಚಿತ್ರ ‘ಸಂಧ್ಯಾರಾಗ’. ಬಹುಕಾಲ ಬಜೆಟ್ಟಿನಂತೆ ಪ್ರಶಸ್ತಿಗಳಿಗೂ ಜೋಡಿ ವರ್ಷವಿತ್ತು. ಹೀಗಾಗಿ ಮಾರ್ಚಿನಲ್ಲಿ ಬಂದ ಚಿತ್ರವೂ ಅದೇ ಮಳೆಗಾಲದ ಚಿತ್ರವೂ ಸರ್ಕಾರಿ ಕಡತದಲ್ಲಿ ಬೇರೆ ಬೇರೆ ಸಾಲಿಗೆ ಬೀಳುತ್ತಿದ್ದುದುಂಟು.

ಇವೆಲ್ಲಕ್ಕಿಂತ ದೊಡ್ಡ ಪಂಚಾಂಗ ಹಳ್ಳಿಯ ಟೆಂಟಿನದು. ಆಗ ಒಂದು ಚಿತ್ರಕ್ಕೆ ತೆಗೆಯುತ್ತಿದ್ದ ಪ್ರಿಂಟುಗಳೇ ಕೆಲವು. ಹಂಚಿಕೆದಾರರು ರೀಲುಗಳ ಪೆಟ್ಟಿಗೆಯನ್ನು ಮೊದಲು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ದಾವಣಗೆರೆಯಂಥ ಊರುಗಳಿಗೆ ಕಳಿಸುತ್ತಿದ್ದರು. ಅಲ್ಲಿ ಓಡಿ ಮುಗಿದ ಮೇಲೆ ತಾಲ್ಲೂಕು ಕೇಂದ್ರ. ಅದೂ ಮುಗಿದ ಮೇಲೆ ಟೂರಿಂಗ್ ಟಾಕೀಸು. ಧ್ವನಿವರ್ಧಕದಲ್ಲಿ ದೇವರ ಹಾಡು ಮುಗಿಯುವುದರೊಳಗೆ ಊಟ ಮುಗಿಸಿ ಓಡಿ ಬಂದು ನೆಲದ ಟಿಕೆಟು ಕೊಳ್ಳುತ್ತಿದ್ದವರ ಪಾಲಿಗೆ ಚಿತ್ರ ಹೊಸದಾಗುತ್ತಿದ್ದುದು ಆ ರಾತ್ರಿಯೇ. ಅಷ್ಟರಲ್ಲಿ ಪ್ರಿಂಟು ಸವೆದು ತೆರೆಯ ಮೇಲೆ ಉದ್ದುದ್ದ ಗೀರು ಬಿದ್ದು ‘ಮಳೆ’ ಸುರಿಯುತ್ತಿದ್ದರೂ ಸರಿಯೆ. ಬೆಂಗಳೂರಿನವನ 1971, ಟೆಂಟಿನವನ 1972. ನಾಲ್ಕನೆಯ ರಸಿಕರು ಪಟ್ಟು ಬಿಡದಿದ್ದುದರಲ್ಲಿ ನ್ಯಾಯವಿತ್ತು. ಮುದ್ರಿತ ಪಟ್ಟಿಗಳೆಲ್ಲ ರಾಜಧಾನಿಯ ಬಿಡುಗಡೆಯನ್ನೇ ಎಣಿಸಿದವು. ನಾಡಿನ ಬಹುಪಾಲು ಜನ ಸಿನಿಮಾ ಕಂಡ ವರ್ಷ ಯಾವ ಪಟ್ಟಿಯಲ್ಲೂ ದಾಖಲಾಗಲಿಲ್ಲ. ಅದು ಉಳಿದಿರುವುದು ಇಂಥ ಮಾತುಕತೆಗಳಲ್ಲಿ ಮಾತ್ರ.

ಎರಡು ಪಟ್ಟಿಗಳ ಜಗಳ

ವರ್ಷದ ಲೆಕ್ಕ ಹೇಗೋ ಬಗೆಹರಿಯಿತೆನ್ನೋಣ. ಆಗ ಇನ್ನೊಂದು ಜಗಳ ಏಳುತ್ತದೆ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ಕ್ಕೆ ಸೆನ್ಸಾರಿನವರು ಮೊದಲು ಅನುಮತಿ ನಿರಾಕರಿಸಿದರು, ಕೊನೆಗೆ ಅದೇ ಚಿತ್ರ ಆ ವರ್ಷದ ರಾಷ್ಟ್ರದ ಅತ್ಯುತ್ತಮ ಕಥಾಚಿತ್ರವೆನಿಸಿತು. ಅದೇ ವರ್ಷ ಬಿ.ಆರ್. ಪಂತುಲು ‘ಶ್ರೀ ಕೃಷ್ಣದೇವರಾಯ’ನನ್ನು ಅದ್ದೂರಿಯಾಗಿ ತೆರೆಗೆ ತಂದಿದ್ದರು. ಅಲ್ಲಿಂದಾಚೆಗೆ ಕನ್ನಡದ ಪ್ರತಿ ವರ್ಷಕ್ಕೂ ಎರಡೆರಡು ಉತ್ತರ: ಒಂದು ತೀರ್ಪುಗಾರರದು, ಇನ್ನೊಂದು ಟಿಕೆಟು ಕಿಟಕಿಯದು.

1975 ಎಂದರೆ ಒಬ್ಬರಿಗೆ ಬಿ.ವಿ. ಕಾರಂತರ ‘ಚೋಮನ ದುಡಿ’. ಉಳಲು ಭೂಮಿ ಬೇಡಿದ ಚೋಮನಾಗಿ ಎಂ.ವಿ. ವಾಸುದೇವರಾವ್ ದೇಶದ ಅತ್ಯುತ್ತಮ ನಟನೆನಿಸಿದರು, ಚಿತ್ರಕ್ಕೂ ಮೊದಲ ಸ್ಥಾನ ಬಂತು. ಇನ್ನೊಬ್ಬರಿಗೆ 1975 ಎಂದರೆ ‘ಮಯೂರ’, ಪಲ್ಲವರಿಗೆ ಸವಾಲು ಹಾಕಿದ ಕದಂಬರ ವೀರ. 1977 ಇನ್ನೂ ಕಠಿಣ. ಬಭ್ರುವಾಹನ, ಅರ್ಜುನ ಎರಡೂ ಪಾತ್ರಗಳಲ್ಲಿ ರಾಜಕುಮಾರ್ ತಮಗೆ ತಾವೇ ಎದುರು ನಿಂತ ‘ಬಭ್ರುವಾಹನ’. ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿ ಕೇಳಿಸಿದ ‘ಸನಾದಿ ಅಪ್ಪಣ್ಣ’. ಗಿರೀಶ ಕಾಸರವಳ್ಳಿಯವರ ಮೊದಲ ಕಥಾಚಿತ್ರ ‘ಘಟಶ್ರಾದ್ಧ’. ಮೂರೂ ಒಂದೇ ವರ್ಷದವು, ಮೂರೂ ಕನ್ನಡದವು. ಆದರೆ ಮೂರನ್ನೂ ಆ ವರ್ಷವೇ ಚಿತ್ರಮಂದಿರದಲ್ಲಿ ಕಂಡವರು ಎಷ್ಟು ಮಂದಿ? ಸ್ವರ್ಣಕಮಲ ಪಡೆದ ‘ಘಟಶ್ರಾದ್ಧ’ದಂಥ ಚಿತ್ರಗಳನ್ನು ಬಹಳಷ್ಟು ಜನ ನೋಡಿದ್ದು ಫಿಲ್ಮ್ ಸೊಸೈಟಿಗಳಲ್ಲಿ, ಇಲ್ಲವೆ ದೂರದರ್ಶನದ ಭಾನುವಾರ ಮಧ್ಯಾಹ್ನಗಳಲ್ಲಿ. ಅಭಿಮಾನಿ ಸರಿಯೋ ತೀರ್ಪುಗಾರ ಸರಿಯೋ ಎಂಬ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು, ಚಿತ್ರ ಇಬ್ಬರಿಗೂ ಸಿಕ್ಕಿತ್ತೇ ಎಂಬುದು. ಸಿಗದ ಚಿತ್ರವನ್ನು ಯಾರೂ ಮೆಚ್ಚಲಾರರು, ತಳ್ಳಿಹಾಕಲೂ ಆಗದು.

ಕಾಲ ಸರಿದಂತೆ ತೀರ್ಪುಗಳೂ ತಿರುಗುತ್ತವೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ತುಂಬಿಸಿಕೊಂಡು ಮತ್ತೆ ತೆರೆಗೆ ಬಂದವು. ‘ನಾಗರಹಾವು’ 2018ರಲ್ಲಿ ಹೊಸ ತಾಂತ್ರಿಕ ರೂಪದಲ್ಲಿ ಮರಳಿತು. ತಂದೆಯ ಪಟ್ಟಿಯಲ್ಲಿದ್ದ ಚಿತ್ರಗಳು ಹೀಗೆ ಮಕ್ಕಳ ಪಟ್ಟಿಗೂ ಸೇರಿದವು.

ಖಾಲಿ ಸಾಲುಗಳು

ಈ ಆಟವನ್ನು ಹಿಂದಕ್ಕೆ ಒಯ್ದಂತೆಲ್ಲ ಸದ್ದು ಅಡಗುತ್ತದೆ. ಎಪ್ಪತ್ತರ ದಶಕಕ್ಕೆ ಹತ್ತು ಹೆಸರು ಹೇಳುವವರು ಅರವತ್ತರ ದಶಕಕ್ಕೆ ಐದಾರು ಹೇಳುತ್ತಾರೆ. 1954 ಎಂದರೆ ‘ಬೇಡರ ಕಣ್ಣಪ್ಪ’, ರಾಜಕುಮಾರ್ ನಾಯಕರಾದ ವರ್ಷವೆಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹಿಂದೆ ಹೋದರೆ ಮೇಜಿನ ಸುತ್ತ ಮೌನ.

1934ರಲ್ಲಿ ಬಿಡುಗಡೆಯಾದ ಕನ್ನಡ ವಾಕ್ಚಿತ್ರಗಳು ಎರಡೇ. ಮೊದಲು ತಯಾರಿಗೆ ತೊಡಗಿದ್ದು ‘ಭಕ್ತ ಧ್ರುವ’. ಮೊದಲು ತೆರೆ ಕಂಡದ್ದು ವೈ.ವಿ. ರಾವ್ ನಿರ್ದೇಶಿಸಿದ ‘ಸತಿ ಸುಲೋಚನಾ’, ಆ ವರ್ಷದ ಮಾರ್ಚ್ 3ರಂದು. ಸುಬ್ಬಯ್ಯನಾಯ್ಡು ಇಂದ್ರಜಿತ್, ತ್ರಿಪುರಾಂಬ ಸುಲೋಚನೆ, ಆರ್. ನಾಗೇಂದ್ರರಾಯರು ರಾವಣ, ಚಿತ್ರೀಕರಣ ಕೊಲ್ಲಾಪುರದಲ್ಲಿ. ಮೊದಲ ಸ್ಥಾನ ಯಾರದ್ದೆಂಬ ವಾದ ಕನ್ನಡ ಚಿತ್ರರಂಗದಲ್ಲಿ ಅದರ ಮೊದಲ ವರ್ಷದಿಂದಲೇ ಇದೆ ಎಂದಾಯಿತು. ಆದರೆ ಎರಡರಲ್ಲಿ ಯಾವುದು ಚೆನ್ನಾಗಿತ್ತು ಎಂಬ ಸರಳ ಪ್ರಶ್ನೆಗೆ ಇವತ್ತು ಉತ್ತರ ಹೇಳುವಂತಿಲ್ಲ. ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ.

ಕಾರಣಗಳು ನಿಗೂಢವೇನಲ್ಲ. 1950ರ ದಶಕದ ಆರಂಭದವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಸುಲಭವಾಗಿ ಹೊತ್ತಿಕೊಳ್ಳುತ್ತಿತ್ತು. ಬೆಂಕಿ ತಗಲದಿದ್ದರೂ ಸೆಕೆಗೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತಿತ್ತು. ಹಳೆಯ ಫಿಲ್ಮಿನಿಂದ ಬೆಳ್ಳಿ ತೆಗೆದು ಮಾರುವವರಿದ್ದರು. ಆ ಕಾಲದ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನಲ್ಲಿ. ನೆಗೆಟಿವ್‌ಗಳು ಅಲ್ಲಿನ ಪ್ರಯೋಗಾಲಯಗಳಲ್ಲೇ ಉಳಿದವು, ಬಾಡಿಗೆ ಕಟ್ಟಿ ಕಾಪಾಡುವವರಿರಲಿಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾದದ್ದು 1964ರಲ್ಲಿ, ಅಂದರೆ ‘ಸತಿ ಸುಲೋಚನಾ’ ಬಂದು ಮೂವತ್ತು ವರ್ಷಗಳಾದ ಮೇಲೆ.

ಜೋಪಾನ ಮಾಡಿದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ಆ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ‘ಘಟಶ್ರಾದ್ಧ’ವನ್ನು ಪುನಶ್ಚೇತನಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಹಳೆಯ ಮೇರುಕೃತಿಗಳ ವಿಭಾಗದಲ್ಲಿ ತೋರಿಸಲಾಯಿತು. ನಲವತ್ತೇಳು ವರ್ಷಗಳ ನಂತರ 1977ರ ಪಟ್ಟಿ ಮತ್ತೆ ತೆರೆಯಿತು. ಇನ್ನು ಮೇಲೆ ಅದನ್ನು ‘ಬಭ್ರುವಾಹನ’ದ ಪಕ್ಕದಲ್ಲಿಟ್ಟು ಜಗಳವಾಡುವವರು ಕೇಳಿದ ಮಾತಿನ ಮೇಲೆ ನಿಲ್ಲಬೇಕಿಲ್ಲ, ಕಣ್ಣಾರೆ ನೋಡಿ ಆಡಬಹುದು.

ಇತ್ತೀಚಿನ ವರ್ಷಗಳಲ್ಲಿ ಕನ್ನಡದಲ್ಲಿ ತೆರೆ ಕಾಣುವ ಚಿತ್ರಗಳ ಸಂಖ್ಯೆ ವರ್ಷಕ್ಕೆ ಇನ್ನೂರರ ಗಡಿ ದಾಟಿದೆ. ಆರಿಸಲು ಬೇಕಾದಷ್ಟಿವೆ, ಒಂದೇ ವಾರದಲ್ಲಿ ಬಂದು ಮರೆಯಾಗುವವೂ ಅಷ್ಟೇ ಇವೆ. ಇವುಗಳಲ್ಲಿ ಎಷ್ಟು ಇನ್ನು ಐವತ್ತು ವರ್ಷಗಳ ನಂತರದ ಜಗಳಕ್ಕೆ ಸಿಗುತ್ತವೆ ಎಂಬುದು ಜೋಪಾನ ಮಾಡುವವರ ಮೇಲೆ ನಿಂತಿದೆ.

ಹಿಂದೆ ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಪೈಸೆಗೆ ಹಾಡಿನ ಪುಸ್ತಕ ಮಾರುತ್ತಿದ್ದರು. ಅದರಲ್ಲಿ ಕಥೆಯ ಮುಕ್ಕಾಲು ಭಾಗ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿಸುವುದು ವಾಡಿಕೆ. ಎಷ್ಟೋ ಹಳೆಯ ಚಿತ್ರಗಳ ಪಾಲಿಗೆ ಇವತ್ತು ಉಳಿದಿರುವುದು ಅಂಥದೊಂದು ಪುಸ್ತಕ ಮಾತ್ರ. ಮುಂದಿನದನ್ನು ನೋಡಲು ತೆರೆಗಳಿವೆ, ಚಿತ್ರವಿಲ್ಲ.