ವಾರಾಹಿಯ ದಡದ ಹಳೆಯ ಪೇಟೆ

ಗೌನಿಪಲ್ಲಿಯ ಕಡೆಯವರಾದ ನಮಗೆ ನೀರೆಂದರೆ ಕೆರೆ. ಹೊಳೆಯ ದಡದಲ್ಲಿ ಪೇಟೆಯೊಂದು ಹುಟ್ಟಿ ಬಾಳುವ ಬಗೆಯನ್ನು ಪುಸ್ತಕಗಳಿಂದಲೇ ಅರಿತವರು ನಾವು. ಆದುದರಿಂದ ಕುಂದಾಪುರದವರೆಗೆ ಹೋದವನು ಹಾಗೆಯೇ ಬಸರೂರನ್ನೂ ನೋಡಿ ಬಂದೆ.

ಮೊದಲ ನೋಟಕ್ಕೆ ನಿರಾಸೆಯೇ ಆಯಿತು. ತೆಂಗಿನ ತೋಟಗಳು, ಗದ್ದೆಗಳು, ಅಲ್ಲಲ್ಲಿ ಗುಡಿಗಳು. ತುಳುವೇಶ್ವರನ ಗುಡಿಯಲ್ಲಿ ಗೋಡೆ ಮರವನ್ನು ಹೊತ್ತಿದೆಯೋ, ಮರದ ಬೇರುಗಳೇ ಗೋಡೆಯನ್ನು ಹಿಡಿದು ನಿಲ್ಲಿಸಿವೆಯೋ ಹೇಳುವುದು ಕಷ್ಟ. ಗೋವೆಗೂ ಹೋರ್ಮಜ್, ಮಸ್ಕತ್ತುಗಳಿಗೂ ಅಕ್ಕಿ ಕಳುಹಿಸಿದ, ಪೋರ್ತುಗೀಜರ ಬಾಯಲ್ಲಿ 'ಬಾರ್ಸೆಲೋರ್' ಆದ ರೇವು ಇದೇ ಎಂದು ನಂಬಲು ಶಾಸನಗಳ ಸಹಾಯ ಬೇಕು.

ವಿಜಯನಗರದ ಕಾಲದ ಶಾಸನಗಳಲ್ಲಿ ಇಲ್ಲಿನ ಪಡುವಕೇರಿ, ಮೂಡುಕೇರಿಗಳ 'ಹಲರು' ಕಾಣಿಸಿಕೊಳ್ಳುತ್ತಾರೆ. ಹಲರೆಂದರೆ ಕೇರಿಯ ವರ್ತಕ ಪ್ರಮುಖರ ಕೂಟ. ರಾಯರ ಅಧಿಕಾರಿ ಬಾರಕೂರಿನಲ್ಲಿದ್ದರೂ ಕೇರಿಯ ಮಾತನ್ನು ಆಡುತ್ತಿದ್ದವರು ಇವರೇ. ಎಷ್ಟು ಸರಳವಾದ ಹೆಸರು! 'ಹಲವರು' ಎಂಬುದಕ್ಕಿಂತ ಹೆಚ್ಚಿನ ಬಿರುದು ಅವರಿಗೆ ಬೇಕಾಗಲಿಲ್ಲ.

1569ರಲ್ಲಿ ಪೋರ್ತುಗೀಜರು ಇಲ್ಲಿ ಕೋಟೆ ಹಿಡಿದರು. ಅಲ್ಲಿಂದ ಮುಂದೆ ಬಸರೂರು ಎರಡಾಯಿತು: ಕೆಳಗೆ ಅವರ ಕೋಟೆ, ಮೇಲೆ ನಮ್ಮವರ ಪೇಟೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡು ಘಟ್ಟವಿಳಿದು ಬಂದಾಗ ಈ ಎರಡು ಊರುಗಳನ್ನೂ ಕಂಡನು. ಕೆಳದಿಯ ಶಿವಪ್ಪ ನಾಯಕನು 1652–54ರಲ್ಲಿ ಪೋರ್ತುಗೀಜರ ಕರಾವಳಿಯ ಕೋಟೆಗಳನ್ನು ಕಿತ್ತುಕೊಂಡನು. 1665ರಲ್ಲಿ ಶಿವಾಜಿಯು ಮಾಲವಣದಿಂದ ಹಡಗುಗಳೊಡನೆ ಬಂದು ಪೇಟೆಯನ್ನು ಸೂರೆಮಾಡಿದನು.

ಜನ ನೆನಪಿಟ್ಟಿರುವುದು ಈ ಸೂರೆಯನ್ನೇ. ಬಸರೂರು ಹಾಳಾದುದೂ ಅದರಿಂದಲೇ ಎನ್ನುತ್ತಾರೆ. ನನಗೇಕೋ ಒಪ್ಪಿಗೆಯಾಗದು. ಒಮ್ಮೆ ಸೂರೆಹೋದ ಪೇಟೆ ಅಕ್ಕಿ ಬೆಳೆಯುವ ನಾಡಿನಲ್ಲಿ ಮತ್ತೆ ತುಂಬಿಕೊಳ್ಳಬಲ್ಲದು. ವ್ಯಾಪಾರವೇ ಬೇರೆ ದಾರಿ ಹಿಡಿದರೆ ಹಾಗಲ್ಲ. ಹೈದರನು 1763ರಲ್ಲಿ ಬಿದನೂರನ್ನು ಗೆದ್ದು ಮಂಗಳೂರಿನಲ್ಲಿ ಹಡಗು ಕಟ್ಟಿಸತೊಡಗಿದ ಮೇಲೆ ಮಂಗಳೂರು ಮುಂದಾಯಿತು. ಒಳಹೊಳೆಯ ಪೇಟೆಯನ್ನು ಕೇಳುವವರಿಲ್ಲವಾಯಿತು.

ಒಂದು ಗುಡಿಯ ಅಂಗಳದಲ್ಲಿ ಶಾಸನದ ಕಲ್ಲಿಗೂ ಗೋಡೆಯೊಡನೆ ಸುಣ್ಣ ಬಳಿದಿದ್ದರು. ಅಲ್ಲಿದ್ದ ಹಿರಿಯರೊಬ್ಬರನ್ನು, "ಇದರಲ್ಲೇನು ಬರೆದಿದೆ, ರಾಯರೇ?" ಎಂದು ಕೇಳಿದೆ. "ಹಳೆಯ ಕಲ್ಲು ಮಾರಾಯ್ರೆ, ಓದುವವರು ಯಾರಿದ್ದಾರೆ?" ಎಂದರು. ಬೆರಳಾಡಿಸಿ ನೋಡಿದೆ, ಸುಣ್ಣ ದಪ್ಪಗೆ ಕೂತಿತ್ತು, ಅಕ್ಷರ ಸಿಗಲಿಲ್ಲ.